ಓಡುತ್ತಿರುವ ಪ್ರೋಗ್ರಾಂನಿಂದಲೇ ಅದರ ಆವೃತ್ತಿ ಸಂಖ್ಯೆ ಕೇಳುವುದು: ಸಿ ಶಾರ್ಪ್ ಟಿಪ್ಪಣಿ

ಗೋಣಿಕೊಪ್ಪ, ಸುಂಟಿಕೊಪ್ಪ, ಶನಿವಾರಸಂತೆ. ಮೂರೂ ಕಡೆಯ ಕಾಫಿ ಖರೀದಿ ಅಂಗಡಿಗಳಲ್ಲಿ ಒಂದೇ ಬಿಲ್ಲಿಂಗ್ ಪ್ರೋಗ್ರಾಂ ಇದೆ ಎಂದುಕೊಳ್ಳಿ. 50 ಕಿಲೋ ರೊಬಸ್ಟಾ ಚೆರಿ ಮೂಟೆಯಲ್ಲಿ ಎಷ್ಟು ಕಿಲೋ ಬೀಜ ಸಿಗುತ್ತದೋ ಅದು ಔಟ್‌ಟರ್ನ್. ಅದನ್ನು ದರದಿಂದ ಗುಣಿಸಿದರೆ ಮೂಟೆಯ ಬೆಲೆ. 2.4.0 ಆವೃತ್ತಿಯಲ್ಲಿ ಔಟ್‌ಟರ್ನ್ ಅನ್ನು ಇಂಟ್ (ಪೂರ್ಣಾಂಕ) ಆಗಿ ಇಟ್ಟಿದ್ದರಿಂದ 27.5 ಹೋಗಿ 27 ಆಗುತ್ತಿತ್ತು, 2.4.1ರಲ್ಲಿ ಸರಿಮಾಡಿದೆ. ದರ 400 ರೂಪಾಯಿ ಎಂದು ಹಿಡಿದರೆ ಮೂಟೆಗೆ 11,000 ಬರಬೇಕಾದಲ್ಲಿ 10,800. ನಲವತ್ತು ಮೂಟೆಗೆ 8,000 ರೂಪಾಯಿ ಬೆಳೆಗಾರರ ಕೈತಪ್ಪುತ್ತದೆ. ಅವರು ಬಿಲ್ ಹಿಡಿದು ಬಂದಾಗ ಮೊದಲು ಗೊತ್ತಾಗಬೇಕಾದ್ದು, ಆ ಬಿಲ್ ಮುದ್ರಿಸಿದ್ದು ಯಾವ ಆವೃತ್ತಿ ಎಂಬುದು. ಅಪ್‌ಡೇಟ್ ಪೆನ್‌ಡ್ರೈವ್‌ನಲ್ಲಿ ಸಾಗುವ ಊರುಗಳಲ್ಲಿ ಇದನ್ನು ಊಹೆಗೆ ಬಿಡುವಂತಿಲ್ಲ.

ಬಿಲ್ ಮುದ್ರಿಸುವ ಕೋಡಿನಲ್ಲೇ "2.4.1" ಎಂದು ಕೈಯಾರೆ ಬರೆದಿಡುವುದು ಸುಲಭ, ಆದರೆ ಅದೇ ತಪ್ಪಿನ ಮೂಲ. ಮುಂದಿನ ಬಿಡುಗಡೆಯಲ್ಲಿ ಪ್ರಾಜೆಕ್ಟ್ ಫೈಲ್ ಬದಲಾಗುತ್ತದೆ, ಈ ಸಾಲು ಹಾಗೇ ಉಳಿಯುತ್ತದೆ. ಸಂಖ್ಯೆಯನ್ನು ಒಂದೇ ಕಡೆ ಬರೆಯಬೇಕು, ಉಳಿದವರೆಲ್ಲ ಅಲ್ಲಿಂದಲೇ ಓದಬೇಕು. ಆ ಜಾಗ ಪ್ರಾಜೆಕ್ಟ್ ಫೈಲಿನ ವರ್ಷನ್ ಟ್ಯಾಗ್. (ಇಲ್ಲಿ ಹೆಸರುಗಳನ್ನೆಲ್ಲ ಉಚ್ಚಾರದಂತೆ ಬರೆದಿದೆ, ಕೋಡಿನಲ್ಲಿ ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಿ.)

ವರ್ಷನ್ ಟ್ಯಾಗಿನಲ್ಲಿ 2.4.1 ಎಂದು ಬರೆದರೆ ಬಿಲ್ಡ್ (ಕೋಡನ್ನು ಓಡುವ ಫೈಲಾಗಿ ಕಟ್ಟುವ ಹಂತ) ಅದರಿಂದ ಮೂರು ಸಂಖ್ಯೆ ಹುಟ್ಟಿಸುತ್ತದೆ. ಹಾಗೆ ಕಟ್ಟಿ ಬಂದ ಇಎಕ್ಸ್ಇ ಅಥವಾ ಡಿಎಲ್ಎಲ್ ಅನ್ನು ಅಸೆಂಬ್ಲಿ ಎನ್ನುತ್ತಾರೆ. ಅಸೆಂಬ್ಲಿವರ್ಷನ್ 2.4.1.0, ಫೈಲ್‌ವರ್ಷನ್ 2.4.1.0, ಇನ್‌ಫರ್ಮೇಶನಲ್‌ವರ್ಷನ್ 2.4.1. ಮೊದಲನೆಯದನ್ನು ಲೈಬ್ರರಿ ಲೋಡ್ ಮಾಡುವಾಗ ರನ್‌ಟೈಮ್ ನೋಡುತ್ತದೆ; ಅದರ ಒಂದೊಂದು ಭಾಗವೂ 65534 ಮೀರುವಂತಿಲ್ಲ. ಎರಡನೆಯದು ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದರೆ ಡೀಟೇಲ್ಸ್‌ನಲ್ಲಿ ಕಾಣುತ್ತದೆ. ಮೂರನೆಯದು ಮನುಷ್ಯರಿಗಾಗಿ ಇರುವ ಪಠ್ಯ, "2.4.1-ಬೀಟಾ" ಥರದ ಬಾಲವೂ ಅದರಲ್ಲೇ ಉಳಿಯುತ್ತದೆ. ಟ್ಯಾಗನ್ನೇ ಬರೆಯದಿದ್ದರೆ ಬಿಲ್ಡ್ ಅದನ್ನು 1.0.0 ಎಂದು ಹಿಡಿಯುತ್ತದೆ, ಮೊದಲೆರಡು ಸಂಖ್ಯೆ 1.0.0.0 ಆಗುತ್ತವೆ. ಪರದೆಯಲ್ಲಿ ಯಾವಾಗಲೂ 1.0.0.0 ಕಂಡರೆ ಮೊದಲು ಅಲ್ಲಿ ಹುಡುಕಿ.

ಬಿಲ್ಲಿನ ಅಡಿಗೆ ಮೂರನೆಯದೇ ಒಳ್ಳೆಯದು. ಅಸೆಂಬ್ಲಿ.ಗೆಟ್‌ಎಂಟ್ರಿಅಸೆಂಬ್ಲಿ ಕರೆಯಿರಿ (ಅದು ಓಡಲು ಶುರುವಾದ ಮುಖ್ಯ ಪ್ರೋಗ್ರಾಂನ ಅಸೆಂಬ್ಲಿ ಕೊಡುತ್ತದೆ), ಬಂದದ್ದರ ಮೇಲೆ ಗೆಟ್‌ಕಸ್ಟಮ್‌ಆಟ್ರಿಬ್ಯೂಟ್ ಬಳಸಿ ಅಸೆಂಬ್ಲಿಇನ್‌ಫರ್ಮೇಶನಲ್‌ವರ್ಷನ್‌ಆಟ್ರಿಬ್ಯೂಟ್ ತೆಗೆಯಿರಿ, ಅದರ ಇನ್‌ಫರ್ಮೇಶನಲ್‌ವರ್ಷನ್ ಓದಿ. ಸಿಸ್ಟಮ್.ರಿಫ್ಲೆಕ್ಷನ್ ಸೇರಿಸಿರಬೇಕು. ಬರೀ ಅಂಕಿ ಸಾಕೆಂದರೆ ಗೆಟ್‌ನೇಮ್‌ನ ವರ್ಷನ್ ತೆಗೆದು ಟೂಸ್ಟ್ರಿಂಗ್‌ಗೆ 3 ಕೊಡಿ, ಕೊನೆಯ ಸೊನ್ನೆ ಬಿಟ್ಟು 2.4.1 ಬರುತ್ತದೆ.

ಎಂಟ್ರಿ ಬದಲು ಎಕ್ಸಿಕ್ಯೂಟಿಂಗ್ ಎಂದು ಬರೆದು ತೊಡಕಿಗೆ ಸಿಕ್ಕುವವರು ಬಹಳ. ಗೆಟ್‌ಎಕ್ಸಿಕ್ಯೂಟಿಂಗ್‌ಅಸೆಂಬ್ಲಿ ಕೊಡುವುದು ಆ ಸಾಲು ಯಾವ ಅಸೆಂಬ್ಲಿಯಲ್ಲಿದೆಯೋ ಅದನ್ನು. ಮುದ್ರಣದ ಕೋಡ್ ಬೇರೆ ಡಿಎಲ್‌ಎಲ್‌ನಲ್ಲಿದ್ದರೆ ಬಿಲ್ಲಿನಲ್ಲಿ ಆ ಡಿಎಲ್‌ಎಲ್‌ನ ಸಂಖ್ಯೆ ಬೀಳುತ್ತದೆ. ಡಾಟ್‌ನೆಟ್ (ಸಿ ಶಾರ್ಪ್ ಓಡುವ ವೇದಿಕೆ) ಅಲ್ಲದ ಕೋಡಿನಿಂದ ಲೈಬ್ರರಿ ಓಡಿದಾಗ ಮಾತ್ರ ಗೆಟ್‌ಎಂಟ್ರಿಅಸೆಂಬ್ಲಿ ನಲ್ ಕೊಡಬಹುದು, ಅದನ್ನು ಪರೀಕ್ಷಿಸಿಕೊಳ್ಳಿ. ಎನ್‌ವಿರಾನ್‌ಮೆಂಟ್.ವರ್ಷನ್ ಹೆಸರು ಹತ್ತಿರದ್ದೆನಿಸಿದರೂ ಅದು ಹೇಳುವುದು ಡಾಟ್‌ನೆಟ್ ರನ್‌ಟೈಮ್‌ನ ಆವೃತ್ತಿ, ನಮ್ಮದಲ್ಲ.

ಒಂದೇ ಫೈಲಾಗಿ ಪಬ್ಲಿಶ್ ಮಾಡಿದರೆ ಅಸೆಂಬ್ಲಿಯ ಲೊಕೇಶನ್ ಖಾಲಿ ಸ್ಟ್ರಿಂಗ್. ಅದನ್ನು ಫೈಲ್‌ವರ್ಷನ್‌ಇನ್ಫೋಗೆ ಕೊಟ್ಟ ಹಳೆಯ ಕೋಡ್ ಎಕ್ಸೆಪ್ಶನ್ ಎಸೆಯುತ್ತದೆ. ಪೆನ್‌ಡ್ರೈವ್‌ಗೆ ಒಂದೇ ಫೈಲ್ ಹಾಕುವುದು ಹಿತವಾದ್ದರಿಂದ ನಮ್ಮ ಕಡೆ ಇದು ಬೇಗ ಎದುರಾಗುತ್ತದೆ. ಮೇಲೆ ಹೇಳಿದ ಆಟ್ರಿಬ್ಯೂಟ್ ದಾರಿಗೆ ಫೈಲಿನ ವಿಳಾಸವೇ ಬೇಡ, ಹಾಗಾಗಿ ಅದಕ್ಕೆ ಈ ತೊಂದರೆಯಿಲ್ಲ.

ಡಾಟ್‌ನೆಟ್ 8ರ ಎಸ್‌ಡಿಕೆಯಿಂದ ಈಚೆಗೆ ಗಿಟ್ ರೆಪೊದಲ್ಲಿ ಬಿಲ್ಡ್ ಮಾಡಿದರೆ ಇನ್ಫರ್ಮೇಶನಲ್ವರ್ಷನ್ನಲ್ಲಿ 2.4.1ರ ಕೊನೆಗೆ ಪ್ಲಸ್ ಚಿಹ್ನೆ, ಆಮೇಲೆ ಉದ್ದನೆಯ ಕಮಿಟ್ ಹ್ಯಾಶ್ (ಯಾವ ಕೋಡಿನಿಂದ ಕಟ್ಟಿದ್ದೆಂದು ಗುರುತಿಸುವ ಸಂಕೇತ) ತಾನಾಗಿ ಅಂಟುತ್ತದೆ. ಬಿಲ್ಲಿನಲ್ಲಿ ಪ್ಲಸ್‌ನಿಂದ ಮುಂದಿನದನ್ನು ಕತ್ತರಿಸಿ, ಲಾಗ್ ಫೈಲಿನ ಮೊದಲ ಸಾಲಿನಲ್ಲಿ ಪೂರ್ತಿ ಇಡಿ. ತಪ್ಪು ಹುಡುಕುವವರಿಗೆ ಆ ಹ್ಯಾಶ್ ಬಂಗಾರ.

ಹೋಲಿಸುವಾಗಲೂ ಎಚ್ಚರ. ಸ್ಟ್ರಿಂಗ್ ಆಗಿ ಹೋಲಿಸಿದರೆ "2.10" ಎಂಬುದು "2.9"ಕ್ಕಿಂತ ಚಿಕ್ಕದು, ಏಕೆಂದರೆ ಅಲ್ಲಿ 1 ಮತ್ತು 9 ಅಕ್ಷರಗಳಷ್ಟೇ. ವರ್ಷನ್ ಕ್ಲಾಸಿಗೆ ಹಾಕಿ ಹೋಲಿಸಬೇಕು. ಅಲ್ಲೂ ಒಂದು ಸೂಕ್ಷ್ಮವಿದೆ: "2.4" ಎಂದಷ್ಟೇ ಕೊಟ್ಟರೆ ಮೂರನೆಯ ಅಂಕಿ, ಅಂದರೆ ಬಿಲ್ಡ್ ಎಂಬ ಭಾಗ, ಸೊನ್ನೆಯಲ್ಲ, -1. ಆದ್ದರಿಂದ 2.4 ಮತ್ತು 2.4.0 ಸಮವಲ್ಲ, ಮೊದಲನೆಯದು ಚಿಕ್ಕದು. ಬೀಟಾ ಬಾಲವಿರುವ ಪಠ್ಯವನ್ನು, ಪಠ್ಯದಿಂದ ಅಂಕಿ ಬಿಡಿಸುವ ವರ್ಷನ್.ಪಾರ್ಸ್‌ಗೆ ಕೊಟ್ಟರೆ ಫಾರ್ಮ್ಯಾಟ್‌ಎಕ್ಸೆಪ್ಶನ್.

ಪೈಥಾನ್‌ನವರಿಗೆ: 3.8ರಿಂದ ಇಂಪೋರ್ಟ್‌ಲಿಬ್.ಮೆಟಾಡೇಟಾದ ವರ್ಷನ್ ಫಂಕ್ಷನ್ ಇದೆ. ಅದಕ್ಕೆ ಪಿಪ್‌ನಲ್ಲಿ ಇನ್‌ಸ್ಟಾಲ್ ಮಾಡುವ ಹೆಸರು ಕೊಡಬೇಕು, ಇಂಪೋರ್ಟ್ ಮಾಡುವ ಹೆಸರಲ್ಲ. ಉದಾಹರಣೆಗೆ ಚಿತ್ರಗಳ ಲೈಬ್ರರಿಗೆ ಪಿಐಎಲ್ ಅಲ್ಲ, ಪಿಲ್ಲೋ. ಪೈಇನ್‌ಸ್ಟಾಲರ್‌ನಲ್ಲಿ ಕಟ್ಟುವಾಗ ಕಾಪಿ-ಮೆಟಾಡೇಟಾ ಆಯ್ಕೆ ಕೊಡದಿದ್ದರೆ ನಿಮ್ಮ ಯಂತ್ರದಲ್ಲಿ ಓಡಿದ್ದು ಅಂಗಡಿಯ ಯಂತ್ರದಲ್ಲಿ ಪ್ಯಾಕೇಜ್‌ನಾಟ್‌ಫೌಂಡ್‌ಎರರ್ ಎಂದು ಬೀಳಬಹುದು.

ಪೆನ್‌ಡ್ರೈವ್ ಬಸ್ಸು ಹತ್ತುವ ಮೊದಲು ಅದರಲ್ಲಿರುವ ಫೈಲನ್ನೇ ಓಡಿಸಿ ಒಂದು ಬಿಲ್ ಮುದ್ರಿಸಿ. ಅಡಿಯಲ್ಲಿರುವ ಸಂಖ್ಯೆ ಪ್ರಾಪರ್ಟೀಸ್‌ನ ಫೈಲ್ ವರ್ಷನ್‌ಗೆ (ಕೊನೆಯ ಸೊನ್ನೆ ಬಿಟ್ಟು) ಹೊಂದಬೇಕು, 400 ರೂಪಾಯಿ ದರದಲ್ಲಿ 27.5 ಔಟ್‌ಟರ್ನ್‌ಗೆ 11,000 ಬರಬೇಕು.