ಬೆಂಕಿಕಡ್ಡಿ ಫ್ಯಾಕ್ಟರಿ ಹೆಣ್ಣುಮಕ್ಕಳು ಕೆಲಸ ಬಿಟ್ಟು ಎದ್ದಾಗ

ಸ್ಟ್ರೈಕ್ ಅಂದ್ರೆ ಸಂಬಳ ಜಾಸ್ತಿ ಕೇಳೋದು ಅಷ್ಟೇ ಅನ್ನೋರು 1888ರ ಲಂಡನ್ ಕಡೆ ಒಂದ್ಸಲ ನೋಡ್ಬೇಕು. ಅಲ್ಲಿ ಸಿಟ್ಟು ಹೆಪ್ಪುಗಟ್ಟಿದ್ದು, ಕೊಟ್ಟ ಪುಡಿಗಾಸನ್ನೂ ಫೈನ್ ಹೆಸರಲ್ಲಿ ವಾಪಸ್ ಕಿತ್ಕೊಳ್ತಿದ್ರಲ್ಲ, ಅದಕ್ಕೆ.

ಇಂಗ್ಲೆಂಡಲ್ಲಿ ಮಿಲ್ಲುಗಳು ಏಳ್ತಿದ್ದ ಕಾಲದಲ್ಲೇ, 1799 ಮತ್ತು 1800ರಲ್ಲಿ, ಕೆಲಸಗಾರರು ಒಟ್ಟು ಸೇರಿ ಕೂಲಿ ಕೇಳೋದೇ ಅಪರಾಧ ಅಂತ ಕಾನೂನು ತಂದಿದ್ರು. 1824ರಲ್ಲಿ ಅದು ರದ್ದಾಯ್ತು, 1871ರಲ್ಲಿ ಯೂನಿಯನ್‌ಗೆ ಮಾನ್ಯತೆ, 1875ರಲ್ಲಿ ಶಾಂತವಾಗಿ ಪಿಕೆಟಿಂಗ್ (ಸ್ಟ್ರೈಕ್ ಟೈಮಲ್ಲಿ ಗೇಟ್ ಮುಂದೆ ನಿಂತು ಒಳಗೆ ಹೋಗ್ಬೇಡಿ ಅಂತ ಬೇರೆಯೋರನ್ನ ಕೇಳ್ಕೊಳ್ಳೋದು) ಮಾಡೋಕೆ ಅವಕಾಶ. ಆದ್ರೆ ಯೂನಿಯನ್‌ಗಳಲ್ಲಿ ಇದ್ದೋರು ಹೆಚ್ಚಾಗಿ ಕಸಬು ಕಲ್ತ ಗಂಡಸರು, ಚಂದಾ ಕಟ್ಟೋಕೆ ಕೈಯಲ್ಲಿ ಕಾಸಿದ್ದೋರು.

ಬ್ರಯಂಟ್ ಅಂಡ್ ಮೇ ಅನ್ನೋ ಬೆಂಕಿಕಡ್ಡಿ ಕಂಪನಿಗೆ ಪೂರ್ವ ಲಂಡನ್ನಿನ ಬೋ ಅನ್ನೋ ಕಡೆ ಇದ್ದ ಫ್ಯಾಕ್ಟರಿಯ ಹೆಣ್ಣುಮಕ್ಕಳು ಆ ಲೆಕ್ಕದಲ್ಲೇ ಇರ್ಲಿಲ್ಲ. ಕಾಲು ಕೊಳೆಯಾಗಿದ್ರೆ ಫೈನ್, ಮಾತಾಡಿದ್ರೆ ಫೈನ್, ಲೇಟಾದ್ರೆ ಅರ್ಧ ದಿನದ ಕೂಲಿ ಕಟ್. ಊಟನೂ ಅದೇ ಕೆಲಸದ ಜಾಗದಲ್ಲಿ, ಅಂದ್ರೆ ಕಡ್ಡಿಗೆ ಬಳಿಯೋ ಬಿಳಿ ರಂಜಕದ ಹೊಗೆ ಆಡೋ ಕಡೆನೇ. ಹಲ್ಲುನೋವಿಂದ ಶುರುವಾಗಿ ದವಡೆ ಮೂಳೆನೇ ಕೊಳೆಯೋ ಕಾಯಿಲೆ ಇದರಿಂದ ಬರ್ತಿತ್ತು. ಶೇರುದಾರರಿಗೆ ಮಾತ್ರ ಶೇಕಡಾ 20ರ ಮೇಲೆ ಡಿವಿಡೆಂಡ್!

ಇದನ್ನೆಲ್ಲಾ 1888ರ ಜೂನಲ್ಲಿ ಆನಿ ಬೆಸೆಂಟ್ ಪೇಪರಲ್ಲಿ ಬರೆದ್ರು (ಹೌದು, ಮುಂದೆ 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆ ಆದ ಅದೇ ಬೆಸೆಂಟ್). ಕಂಪನಿಯೋರು ಅದೆಲ್ಲಾ ಸುಳ್ಳು ಅಂತ ಸೈನ್ ಹಾಕಿ ಅಂದ್ರೆ ಹುಡುಗೀರು ಒಪ್ಪಲಿಲ್ಲ, ಒಬ್ಬಳನ್ನ ಕೆಲಸದಿಂದ ತೆಗೆದಿದ್ದೇ ತಡ ಜುಲೈ ಮೊದಲ ವಾರದಲ್ಲಿ ಸುಮಾರು 1400 ಜನ ಹೊರಗೆ ಬಂದ್ಬಿಟ್ರು. ಕ್ರೆಡಿಟ್ಟೆಲ್ಲಾ ಬೆಸೆಂಟ್‌ಗೆ ಕೊಡೋ ಅಭ್ಯಾಸ ಇದೆ, ಆದ್ರೆ ಎದ್ದು ಹೋಗೋ ತೀರ್ಮಾನ ಆ ಹೆಣ್ಣುಮಕ್ಕಳದ್ದೇ. ಎರಡು ವಾರದೊಳಗೆ ಕಂಪನಿ ಬಗ್ಗಿತು. ಫೈನ್ ರದ್ದು, ಊಟಕ್ಕೆ ಬೇರೆ ರೂಮು, ಜೊತೆಗೆ ಅವರದ್ದೇ ಒಂದು ಯೂನಿಯನ್.

ಮರುವರ್ಷ ಗ್ಯಾಸ್ ಕಾರ್ಖಾನೆಯೋರು 8 ಗಂಟೆ ಪಾಳಿ ಗಿಟ್ಟಿಸ್ಕೊಂಡ್ರು, ಆಮೇಲೆ ಲಂಡನ್ ಬಂದರಿನ ಕೂಲಿಗಳು ಗಂಟೆಗೆ 6 ಪೆನ್ಸ್ ಬೇಕು ಅಂತ ಕೂತ್ರು, ದುಡ್ಡು ಮುಗಿದು ಹೊಟ್ಟೆಗಿಲ್ಲದ ಹೊತ್ತಲ್ಲಿ ಆಸ್ಟ್ರೇಲಿಯಾ ಕಾರ್ಮಿಕರಿಂದ ಚಂದಾ ಬಂತು, ಗೆದ್ರು.

ಆದ್ರೆ ಬೋ ಫ್ಯಾಕ್ಟರೀಲಿ ಫೈನ್ ಹೋಯ್ತೇ ಹೊರತು ಬಿಳಿ ರಂಜಕ ಹೋಗ್ಲಿಲ್ಲ. ದವಡೆ ಕಾಯಿಲೆ ಕೇಸುಗಳನ್ನ ಮುಚ್ಚಿಟ್ಟಿದ್ದಕ್ಕೆ 1898ರಲ್ಲಿ ಕೋರ್ಟು ಕಂಪನಿಗೇ ಫೈನ್ ಹಾಕ್ತು. ಬೆಂಕಿಕಡ್ಡಿಗೆ ಬಿಳಿ ರಂಜಕ ಬಳಸೋದನ್ನ ನಿಷೇಧಿಸೋ ಕಾನೂನು ಬ್ರಿಟನ್ನಲ್ಲಿ ಪಾಸಾಗಿದ್ದು 1908ರಲ್ಲಿ, ಸ್ಟ್ರೈಕ್ ಆಗಿ 20 ವರ್ಷಕ್ಕೆ.