ಮಣ್ಣಲ್ಲಿ ಓಡುವ ಬಗ್ಗಿಗೆ ಬೆಲ್ಟೋ, ಶಾಫ್ಟೋ?

ಮಂಡ್ಯದ ಎಷ್ಟೋ ಆಲೆಮನೆಗಳಲ್ಲಿ ಮೋಟಾರು ಗಾಣವನ್ನು ತಿರುಗಿಸುವುದು ಬೆಲ್ಟಿನ ಮೂಲಕ. ಅದೇ ಊರಿನ ಗದ್ದೆಗೆ ಇಳಿದರೆ ಟ್ರಾಕ್ಟರ್ ತನ್ನ ಹಿಂದಿನ ರೋಟವೇಟರನ್ನು ತಿರುಗಿಸುವುದು ಶಾಫ್ಟಿನ ಮೂಲಕ, ನಿಮಿಷಕ್ಕೆ 540 ಸುತ್ತಿನ ಲೆಕ್ಕದಲ್ಲಿ. ಎರಡು ಕಡೆಯೂ ಕೆಲಸ ಒಂದೇ: ಇಲ್ಲಿ ಹುಟ್ಟಿದ ಶಕ್ತಿಯನ್ನು ಅಲ್ಲಿಗೆ ಮುಟ್ಟಿಸುವುದು. ಗಾಣ ಸೂರಿನ ಕೆಳಗೆ ನಿಂತಲ್ಲೇ ನಿಂತಿರುತ್ತದೆ. ರೋಟವೇಟರ್ ಕೆಸರು, ಕಲ್ಲು, ಬೇರುಗಳ ಮಧ್ಯೆ ಎಗರಾಡುತ್ತದೆ. ರಿಮೋಟಿನಲ್ಲಿ ಓಡಿಸುವ ಆಫ್-ರೋಡ್ ಬಗ್ಗಿಗಳ ಲೋಕದಲ್ಲಿ ನಲವತ್ತು ವರ್ಷದಿಂದ ನಡೆಯುತ್ತಿರುವ ವಾದವೂ ಇದೇ.

ಇಲ್ಲಿ ಹೇಳುತ್ತಿರುವುದು ಜಾತ್ರೆಯಲ್ಲಿ ಸಿಗುವ ಆಟಿಕೆ ಕಾರಿನ ಬಗ್ಗೆ ಅಲ್ಲ. ಹವ್ಯಾಸಿಗಳ 1/10 ಅಳತೆಯ, ಅಂದರೆ ನಿಜವಾದ ಗಾಡಿಯ ಹತ್ತರಲ್ಲಿ ಒಂದರಷ್ಟಿನ ಬಗ್ಗಿ ಒಂದು ಮೊಳಕ್ಕಿಂತ ಚಿಕ್ಕದು, ತೂಕ ಒಂದೂವರೆ ಕಿಲೋ ಆಸುಪಾಸು. ನಾಲ್ಕೂ ಚಕ್ರ ತಿರುಗಬೇಕೆಂದರೆ ಒಂದೇ ಮೋಟಾರಿನ ಶಕ್ತಿ ಮುಂದಕ್ಕೂ ಹಿಂದಕ್ಕೂ ಹೋಗಬೇಕು. ಬೆಲ್ಟ್ ಬಗ್ಗಿಯಲ್ಲಿ ಹಲ್ಲಿರುವ ರಬ್ಬರ್ ಪಟ್ಟಿಗಳು ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್‌ಗಳನ್ನು ಎಳೆದು ತಿರುಗಿಸುತ್ತವೆ. (ಡಿಫರೆನ್ಷಿಯಲ್ ಅಂದರೆ ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಜೋಡಣೆ.) ಶಾಫ್ಟ್ ಬಗ್ಗಿಯಲ್ಲಿ ನಡುವೆ ಉದ್ದಕ್ಕೆ ಒಂದು ಸರಳು ಸುತ್ತುತ್ತದೆ. ಅದರ ಎರಡು ತುದಿಯಲ್ಲಿ ಓರೆ ಹಲ್ಲಿನ ಬೆವೆಲ್ ಗೇರುಗಳು ಆ ಸುತ್ತನ್ನು ಚಕ್ರದ ಕಡೆಗೆ ತಿರುಗಿಸಿಕೊಡುತ್ತವೆ.

ಶುರುವಿನಲ್ಲಿ ಎಲ್ಲರೂ ಎಲ್ಲವನ್ನೂ ಮಾಡಿ ನೋಡಿದರು. 1985ರಲ್ಲಿ ಬಂದ ಜಪಾನಿನ ಕ್ಯೋಶೋ ಆಪ್ಟಿಮಾದಲ್ಲಿ ಸೈಕಲ್ಲಿಗಿದ್ದಂತೆ ಚೈನ್ ಇತ್ತು. ಅದೇ ವರ್ಷದ ಟಮಿಯಾ ಹಾಟ್‌ಶಾಟ್‌ನಲ್ಲಿ ಶಾಫ್ಟ್ ಇತ್ತು. ಇಂಗ್ಲೆಂಡಿನ ಶೂಮಾಕರ್ ಕಂಪನಿ ತನ್ನ ಕ್ಯಾಟ್ ಬಗ್ಗಿಗೆ ಬೆಲ್ಟ್ ಹಾಕಿತು. 1987ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಪಾನಿನ ರೇಸರ್ ಮಸಾಮಿ ಹಿರೋಸಾಕಾ ಅದನ್ನೇ ಓಡಿಸಿ ಗೆದ್ದ. ಬೆಲ್ಟಿನ ಮರ್ಯಾದೆ ಏರಿತು.

ಏರಿದ್ದಕ್ಕೆ ಕಾರಣವೂ ಇದೆ. ಒಂದು ಸಣ್ಣ ಲೆಕ್ಕ ಹಾಕೋಣ. ಮೋಟಾರಿನಿಂದ 300 ವ್ಯಾಟ್ ಶಕ್ತಿ ಬರುತ್ತಿದೆ, ಅದೆಲ್ಲ ಒಂದೇ ಬೆಲ್ಟಿನಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಬೆಲ್ಟ್ ಸುತ್ತುವ ಪುಲ್ಲಿಗೆ 16 ಹಲ್ಲು, ಹಲ್ಲಿಂದ ಹಲ್ಲಿಗೆ 3 ಮಿಲಿಮೀಟರ್. ಪುಲ್ಲಿ ಒಂದು ಸುತ್ತು ಹಾಕಿದರೆ ಬೆಲ್ಟ್ 48 ಮಿಲಿಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 10,000 ಸುತ್ತು ಅಂದರೆ ಬೆಲ್ಟಿನ ವೇಗ ಸೆಕೆಂಡಿಗೆ 8 ಮೀಟರ್. ಶಕ್ತಿಯನ್ನು ವೇಗದಿಂದ ಭಾಗಿಸಿದರೆ ಎಳೆತ ಸುಮಾರು 37 ನ್ಯೂಟನ್, ನಾಲ್ಕು ಕಿಲೋಗೆ ಹತ್ತಿರದ ತೂಕ ನೇತುಹಾಕಿದಷ್ಟು. ಈಗ ಅದೇ ಶಕ್ತಿ, ಅದೇ ಸುತ್ತು ಶಾಫ್ಟಿನಲ್ಲಿ. ತುದಿಯ ಚಿಕ್ಕ ಗೇರಿನ ತ್ರಿಜ್ಯ 6 ಮಿಲಿಮೀಟರ್ ಇದ್ದರೆ ಹಲ್ಲಿನ ಮೇಲೆ ಬೀಳುವ ಬಲ ಸುಮಾರು 48 ನ್ಯೂಟನ್.

ಎರಡೂ ಹೆಚ್ಚುಕಡಿಮೆ ಒಂದೇ ಅಲ್ವಾ? ಆದರೆ ಬೆಲ್ಟ್ ಪುಲ್ಲಿಯ ಅರ್ಧ ಸುತ್ತನ್ನು ಅಪ್ಪಿಕೊಂಡಿರುತ್ತದೆ. ಎಂಟು ಹಲ್ಲುಗಳು ಆ ಭಾರವನ್ನು ಹಂಚಿಕೊಳ್ಳುತ್ತವೆ, ಎಲ್ಲವೂ ಸಮನಾಗಿ ಅಲ್ಲದಿದ್ದರೂ. ಬೆವೆಲ್ ಗೇರಿನಲ್ಲಿ ಒಂದು ಕ್ಷಣಕ್ಕೆ ಒಂದೋ ಎರಡೋ ಹಲ್ಲು ಮಾತ್ರ ಕಚ್ಚಿರುತ್ತವೆ. ಜೊತೆಗೆ ಓರೆ ಹಲ್ಲುಗಳು ಒಂದನ್ನೊಂದು ದೂರ ತಳ್ಳುತ್ತವೆ. ಆ ತಳ್ಳಾಟವನ್ನು ಬೇರಿಂಗ್ ಮತ್ತು ಗೇರ್ ಡಬ್ಬಿ ತಡೆದುಕೊಳ್ಳಬೇಕು. ಬೆಲ್ಟ್ ಬಗ್ಗಿ ನುಣ್ಣಗೆ, ಸದ್ದಿಲ್ಲದೆ ಓಡುವುದು ಇದರಿಂದಲೇ. ಜಿಗಿದು ನೆಲಕ್ಕೆ ಬಿದ್ದಾಗ ಚಕ್ರಕ್ಕೆ ಬೀಳುವ ಏಟನ್ನೂ ರಬ್ಬರ್ ಒಂದಿಷ್ಟು ನುಂಗಿಕೊಳ್ಳುತ್ತದೆ.

ಇನ್ನು ಮೋಟಾರು ಕೂತಿರುವ ದಿಕ್ಕು. ಬೆಲ್ಟ್ ಬಗ್ಗಿಯಲ್ಲಿ ಮೋಟಾರಿನ ಅಚ್ಚು ಚಕ್ರದ ಅಚ್ಚಿನಂತೆ ಅಡ್ಡ ಇರುತ್ತದೆ. ಶಾಫ್ಟ್ ಬಗ್ಗಿಯಲ್ಲಿ ಸಾಮಾನ್ಯವಾಗಿ ಉದ್ದಕ್ಕೆ. ಥ್ರಾಟಲ್ ಒಮ್ಮೆಗೇ ಒತ್ತಿದಾಗ ಮೋಟಾರಿನ ಒಳಗಿನ ರೋಟರ್ ಒಂದು ಕಡೆ ವೇಗ ಹೆಚ್ಚಿಸಿಕೊಳ್ಳುತ್ತದೆ, ಬಗ್ಗಿಯ ಮೈ ಅದಕ್ಕೆ ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಅಡ್ಡ ಮೋಟಾರಾದರೆ ಮೂತಿ ಏಳುವುದೋ ಬಾಗುವುದೋ ಆಗುತ್ತದೆ. ಉದ್ದದ ಮೋಟಾರಾದರೆ ಬಗ್ಗಿ ಎಡಕ್ಕೋ ಬಲಕ್ಕೋ ವಾಲುತ್ತದೆ. ಅನೇಕರು ಶಾಫ್ಟ್ ಇದ್ದರೆ ಬಗ್ಗಿ ಯಾವಾಗಲೂ ಒಂದು ಬದಿಗೇ ವಾಲಿರುತ್ತದೆ ಅಂದುಕೊಂಡಿದ್ದಾರೆ. ಹಾಗಲ್ಲ. ವೇಗ ಬದಲಾಗುವ ಹೊತ್ತಿನಲ್ಲಿ ಮಾತ್ರ ಈ ವಾಲಾಟ. ಒಂದೇ ವೇಗದಲ್ಲಿ ಓಡುವಾಗ ಮೋಟಾರ್ ಮೌಂಟಿನ ತಿರುಚು ಮತ್ತು ಗೇರ್ ಡಬ್ಬಿಯ ತಿರುಚು ಚಾಸಿಯ ಒಳಗೇ ಒಂದನ್ನೊಂದು ಕಳೆದುಹಾಕುತ್ತವೆ.

ಇಷ್ಟು ಕೇಳಿದರೆ ಬೆಲ್ಟೇ ಗೆಲ್ಲಬೇಕು. ಸೋಲುವುದು ಮಣ್ಣಿನಲ್ಲಿ. ಮೈಸೂರು, ಮಂಡ್ಯ ಕಡೆಯ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಹರಳು ಧಾರಾಳ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚು 7, ಕಿಟಕಿಯ ಗಾಜು ಅದಕ್ಕಿಂತ ಕೆಳಗೆ. ಅಂಥ ಒಂದು ಹರಳು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿಕೊಂಡರೆ ಪಟ್ಟಿ ಹಲ್ಲು ಹಾರಿಸುತ್ತದೆ, ಇಲ್ಲ ಹಲ್ಲನ್ನೇ ಕಿತ್ತುಕೊಳ್ಳುತ್ತದೆ. ಬೆಲ್ಟ್ ಬಗ್ಗಿಯ ಉದ್ದಕ್ಕೂ ಹರಡಿರುವುದರಿಂದ ಅದನ್ನು ಪೂರ್ತಿ ಮುಚ್ಚುವುದು ಕಷ್ಟ. ಶಾಫ್ಟ್ ಬಗ್ಗಿಯಲ್ಲಿ ಸರಳು ಬಯಲಲ್ಲೇ ಇದ್ದರೂ ಪರವಾಗಿಲ್ಲ, ಅದಕ್ಕೆ ಕಚ್ಚುವಂಥ ಹಲ್ಲಿಲ್ಲ. ಹಲ್ಲಿರುವ ಗೇರುಗಳನ್ನು ಗ್ರೀಸು ಹಾಕಿ ಪುಟ್ಟ ಡಬ್ಬಿಯಲ್ಲಿ ಮುಚ್ಚಿಟ್ಟರೆ ಸಾಕು.

ಎರಡನೆಯ ಏಟು ಕೊಟ್ಟಿದ್ದು ಬ್ರಷ್‌ಲೆಸ್ ಮೋಟಾರು ಮತ್ತು ಲಿಥಿಯಂ ಪಾಲಿಮರ್ ಬ್ಯಾಟರಿ. ಇವುಗಳಿಂದ ಶಕ್ತಿ ಏರಿದ ಹಾಗೆ ಬೆಲ್ಟಿನ ಎಳೆತವೂ ಏರುತ್ತದೆ. ಬಿಗಿ ಸಾಲದೆ ಹಲ್ಲು ಹಾರಿತು ಅಂತ ಇನ್ನಷ್ಟು ಬಿಗಿದರೆ ಬೇರಿಂಗಿನ ಮೇಲೆ ಭಾರ ಬಿದ್ದು, ಬೆಲ್ಟಿನ ನುಣುಪೇ ಹೋಗುತ್ತದೆ. ಇದಕ್ಕೆ ಸುಲಭದ ಪರಿಹಾರ ಇಲ್ಲ. ಶಾಫ್ಟಿಗೆ ಆದರೆ ಗೇರನ್ನು ಗಟ್ಟಿ ಉಕ್ಕಿನಲ್ಲಿ ಮಾಡಿದರಾಯಿತು. ನಡುವೆ ಇನ್ನೊಂದು ಡಿಫರೆನ್ಷಿಯಲ್ ಕೂರಿಸುವುದಕ್ಕೂ ಶಾಫ್ಟಿನಲ್ಲೇ ಅನುಕೂಲ. ಅದರೊಳಗೆ ತುಂಬುವ ಸಿಲಿಕೋನ್ ಎಣ್ಣೆ ತೆಳುವೋ ಮಂದವೋ ಅನ್ನುವುದರ ಮೇಲೆ ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಶಕ್ತಿ ಹರಿಯುತ್ತದೆ ಅನ್ನುವುದನ್ನು ಹೊಂದಿಸಬಹುದು. ದೊಡ್ಡ 1/8 ಬಗ್ಗಿಗಳಲ್ಲಿ ಮೂರು ಡಿಫರೆನ್ಷಿಯಲ್ ಇರುವುದು ಮಾಮೂಲು. ಅವು ಬಹುಪಾಲು ಶಾಫ್ಟಿನವೇ.

ಡಾಂಬರಿನ ಮೇಲೋ ಕಾರ್ಪೆಟ್ಟಿನ ಮೇಲೋ ಓಡುವ 1/10 ಟೂರಿಂಗ್ ಕಾರುಗಳ ರೇಸಿನಲ್ಲಿ ಇವತ್ತಿಗೂ ಬೆಲ್ಟಿನದೇ ದರ್ಬಾರು. ಅಲ್ಲಿ ಹರಳೂ ಇಲ್ಲ, ಎಗರಾಟವೂ ಇಲ್ಲ. ನನ್ನನ್ನು ಕೇಳಿದರೆ ಬ್ಯಾಡ್ಮಿಂಟನ್ ಕೋರ್ಟಿನ ಸಿಮೆಂಟ್ ನೆಲಕ್ಕೆ ಬೆಲ್ಟ್, ಕೊಯ್ಲಾದ ಹೊಲಕ್ಕೆ ಶಾಫ್ಟ್. ಹಳೆಯ ಬೆಲ್ಟ್ ಬಗ್ಗಿ ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ಹೊಲಕ್ಕೆ ಇಳಿಸಬೇಡಿ. ಇಳಿಸಲೇಬೇಕು ಅಂದರೆ ಪ್ರತಿ ಸಲ ಒಣ ಬ್ರಷ್ಷಿನಿಂದ ಪುಲ್ಲಿಯ ಸಂದು ಗುಡಿಸಿ. ಬೆಲ್ಟಿಗೆ ಎಣ್ಣೆ ಮಾತ್ರ ಹಾಕಬೇಡಿ, ಧೂಳು ಮೆತ್ತಿಕೊಂಡು ಉಜ್ಜುಕಾಗದ ಆಗುತ್ತದೆ. ಶಾಫ್ಟಿನವರು ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಅಂದರೆ ಡಬ್ಬಿ ಬಿಚ್ಚಿ, ಡಿಫರೆನ್ಷಿಯಲ್ ಪಕ್ಕ 0.1 ಮಿಲಿಮೀಟರಿನ ಒಂದು ಶಿಮ್, ಅಂದರೆ ತೆಳು ವಾಷರ್, ಆ ಬದಿಯಿಂದ ಈ ಬದಿಗೆ ಹಾಕಿ. ಎಷ್ಟೋ ಸಲ ಅಷ್ಟಕ್ಕೇ ಸದ್ದು ಅಡಗುತ್ತದೆ.