ಬೇಟೆಯ ಪಿಸ್ತೂಲಿಗೆ ಮಝಲ್ ಬ್ರೇಕ್: ಕೈಯ ಭಾರ ಕಿವಿಯ ಮೇಲೆ

ಬೇಟೆಗೆ ಬಳಸುವ ದೊಡ್ಡ ರಿವಾಲ್ವರು ಅಥವಾ ಪಿಸ್ತೂಲಿನ ನಳಿಗೆಯ ತುದಿಗೆ, ಪಕ್ಕಗಳಲ್ಲಿ ರಂಧ್ರ ಕೊರೆದ ಪುಟ್ಟ ಉಕ್ಕಿನ ಕೊಳವೆಯೊಂದನ್ನು ತಿರುಪಿ ಕೂರಿಸುವುದುಂಟು. ಇದೇ ಮಝಲ್ ಬ್ರೇಕ್. ಅದನ್ನು ಹಾಕಿದರೆ ಬಂದೂಕಿನ ಒದೆತ ಅರ್ಧಕ್ಕೆ ಇಳಿಯುತ್ತದೆ ಎಂದು ಕೆಲವರು ನಂಬುತ್ತಾರೆ. ಗುಂಡಿನ ವೇಗವನ್ನೇ ಅದು ನುಂಗಿಬಿಡುತ್ತದೆ ಎಂದು ಇನ್ನು ಕೆಲವರು ದೂರುತ್ತಾರೆ. ಮೊದಲನೆಯ ಮಾತು ಕೆಲವು ಪಿಸ್ತೂಲುಗಳ ಮಟ್ಟಿಗೆ ಮಾತ್ರ ನಿಜ, ಎರಡನೆಯದು ಈ ಬಗೆಯ ಬ್ರೇಕಿನ ಮಟ್ಟಿಗೆ ನಿಜವೇ ಅಲ್ಲ. ಬ್ರೇಕ್ ಎಂಬ ಹೆಸರೇ ಇಂಥ ಗೊಂದಲಕ್ಕೆ ಎಡೆಮಾಡಿಕೊಟ್ಟಿದೆ ಎಂದು ನನಗೆ ತೋರುತ್ತದೆ. ಅದು ತಡೆಯುವುದು ಗುಂಡನ್ನಲ್ಲ, ಬಂದೂಕನ್ನು. ತಡೆಯಲು ಬಳಸುವುದು ಗುಂಡು ಹೊರಟುಹೋದ ಮೇಲೆ ಅದರ ಬೆನ್ನಹಿಂದೆ ನುಗ್ಗಿಬರುವ ಅನಿಲವನ್ನು ಮಾತ್ರ. ಇದೊಂದನ್ನು ಹಿಡಿದು ಹೊರಟರೆ, ಯಾವ ಪಿಸ್ತೂಲಿಗೆ ಬ್ರೇಕ್ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಕಾಗದ ಪೆನ್ಸಿಲು ಹಿಡಿದೇ ಬಹುಮಟ್ಟಿಗೆ ತೀರ್ಮಾನಿಸಬಹುದು.

ಗುಂಡು ಮುಂದಕ್ಕೆ ಹೋದಷ್ಟೇ ಸಂವೇಗದಿಂದ ಬಂದೂಕು ಹಿಂದಕ್ಕೆ ಬರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿ ಎಂದರೆ ಮದ್ದಿನ ಪಾಲು. ತೋಟಾದೊಳಗಿನ ಮದ್ದು ಉರಿದು ಮಾಯವಾಗುವುದಿಲ್ಲ. ಅದು ಅಷ್ಟೇ ತೂಕದ ಅನಿಲವಾಗಿ, ಗುಂಡಿಗಿಂತ ಎಷ್ಟೋ ಹೆಚ್ಚು ವೇಗದಲ್ಲಿ ಅದೇ ಬಾಯಿಂದ ಹೊರಬೀಳುತ್ತದೆ. ಇದನ್ನು ಅಳತೆ ಮಾಡಿ ತೋರಿಸಿದವರಲ್ಲಿ ಬೆಂಜಮಿನ್ ಥಾಮ್ಸನ್ ಮೊದಲಿಗರ ಸಾಲಿನವನು. ಮುಂದೆ ಕೌಂಟ್ ರಮ್‌ಫರ್ಡ್ ಎಂದು ಹೆಸರಾದವನು, ಉಷ್ಣವೆಂಬುದು ಒಂದು ದ್ರವವಲ್ಲ, ಚಲನೆಯ ಒಂದು ರೂಪ ಎಂದು ವಾದಿಸಿದವನು ಇವನೇ. 1781ರಲ್ಲಿ ಪ್ರಕಟವಾದ ತನ್ನ ಪ್ರಯೋಗಗಳಲ್ಲಿ ಅವನು ಬಂದೂಕಿನ ನಳಿಗೆಯನ್ನು ಉಯ್ಯಾಲೆಯಂತೆ ತೂಗುಹಾಕಿ, ಸಿಡಿದಾಗ ಅದು ಎಷ್ಟು ಹಿಂದಕ್ಕೆ ತೂಗುತ್ತದೆ ಎಂದು ಅಳೆದ. ಗುಂಡನ್ನೇ ಹಾಕದೆ ಬರೀ ಮದ್ದನ್ನು ಹಾರಿಸಿದಾಗಲೂ ಉಯ್ಯಾಲೆ ಹಿಂದಕ್ಕೆ ಸರಿಯುತ್ತಿತ್ತು. ಗುಂಡಿನ ವೇಗವನ್ನು ಒದೆತದಿಂದ ಲೆಕ್ಕಹಾಕಬೇಕೆಂದರೆ ಮದ್ದಿನ ಈ ಪಾಲನ್ನು ಮೊದಲು ಕಳೆಯಬೇಕಾಗಿತ್ತು. ಅವನು ಹಾಗೆ ಕಳೆದ ಪಾಲೇ ಇಂದು ಮಝಲ್ ಬ್ರೇಕಿನ ಪೂರ್ತಿ ಬಂಡವಾಳ.

ನೀರಿನ ರಬ್ಬರು ಕೊಳವೆಯ ಬಾಯಿಗೆ ಅಂಗೈ ಅಡ್ಡ ಹಿಡಿದವರಿಗೆ ಬ್ರೇಕಿನ ಕೆಲಸ ಅರ್ಧ ತಿಳಿದಂತೆಯೇ. ನೀರು ಅಂಗೈಗೆ ಬಡಿದು ಪಕ್ಕಕ್ಕೆ ಚಿಮ್ಮುತ್ತದೆ, ಅಂಗೈಯನ್ನು ಮುಂದಕ್ಕೆ ತಳ್ಳುತ್ತದೆ. ಆ ಅಂಗೈಯನ್ನು ಕೊಳವೆಗೇ ಬೆಸೆದುಬಿಟ್ಟರೆ, ಕೊಳವೆ ಹಿಂದಕ್ಕೆ ಜಗ್ಗುವುದೂ ಅಂಗೈ ಅದನ್ನು ಮುಂದಕ್ಕೆ ಎಳೆಯುವುದೂ ಒಂದಕ್ಕೊಂದು ವಜಾ ಆಗುತ್ತವೆ. ಈಗ ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ. ನೀರು ಪಕ್ಕಕ್ಕಷ್ಟೇ ಅಲ್ಲ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ಅಂಗೈಗೆ ಬೀಳುವ ತಳ್ಳು ಸುಮಾರು ಇಮ್ಮಡಿಯಾಗುತ್ತದೆ. ಜಲವಿದ್ಯುತ್ ಕೇಂದ್ರಗಳ ಪೆಲ್ಟನ್ ಚಕ್ರದ ಬಟ್ಟಲುಗಳು ನೀರಿನ ಧಾರೆಯನ್ನು ಹಿಂದಕ್ಕೆ ತಿರುಗಿಸುವುದು ಈ ಇಮ್ಮಡಿ ಲಾಭಕ್ಕಾಗಿಯೇ. ನೆಲಕ್ಕಿಳಿದ ಜೆಟ್ ವಿಮಾನ ಓಡುಹಾದಿಯಲ್ಲಿ ವೇಗ ಇಳಿಸಿಕೊಳ್ಳಲು ತನ್ನ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವುದೂ ಇದೇ ತತ್ತ್ವದಿಂದ. ಬ್ರೇಕಿನೊಳಗಿನ ಅಡ್ಡಗೋಡೆಗಳು ಆ ಬಟ್ಟಲುಗಳ ಚಿಕ್ಕ ತಮ್ಮಂದಿರು: ಗುಂಡು ನಡುವಿನ ತೂತಿನಿಂದ ಯಾವುದನ್ನೂ ತಾಕದೆ ಪಾರಾಗುತ್ತದೆ; ಹಿಂದೆ ಬರುವ ಅನಿಲ ಗೋಡೆಗೆ ಬಡಿದು ಬಂದೂಕನ್ನು ಮುಂದಕ್ಕೆ ಎಳೆದು, ಪಕ್ಕದ ಕಿಂಡಿಗಳಿಂದ ಹೊರಬೀಳುತ್ತದೆ. ಕಿಂಡಿಗಳು ಹಿಂದಕ್ಕೆ ಓರೆಯಾದಷ್ಟೂ ಎಳೆತ ಹೆಚ್ಚು. ಫ್ರಾನ್ಸಿನ ಸೇನಾಧಿಕಾರಿ ತ್ರೋಯ್ ದ ಬೋಲಿಯು 1842ರಲ್ಲೇ ಫಿರಂಗಿಯ ಬಾಯಿಯ ಬಳಿ ಇಂಥ ಓರೆ ರಂಧ್ರಗಳನ್ನು ಕೊರೆಸಿದ್ದ. ಆದ್ದರಿಂದ ಇದೇನೂ ಹೊಸ ಕಾಲದ ಉಪಾಯವಲ್ಲ.

ಇಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗುಂಡು ನಳಿಗೆಯಲ್ಲಿ ಸಾಗುವ ಒಂದು ಮಿಲಿಸೆಕೆಂಡಿನಷ್ಟು ಕಾಲದಲ್ಲಿ ಬಂದೂಕಿಗೆ ಕೊಟ್ಟ ಸಂವೇಗವನ್ನು ಯಾವ ಬ್ರೇಕೂ ಮೊದಲೇ ತಡೆಯಲಾರದು. ಆಮೇಲೆ ಬರುವ ಅನಿಲದ ಪಾಲಿನಿಂದ ಎಷ್ಟು ದಕ್ಕಿತೋ ಅಷ್ಟೇ ಅದರ ಗಳಿಕೆ. ಅನಿಲ ಹೆಚ್ಚಿದ್ದರೆ ಲಾಭ ಹೆಚ್ಚು. ಇಲ್ಲದಿದ್ದರೆ ನಳಿಗೆಯ ತುದಿಯಲ್ಲಿ ಒಂದಿಷ್ಟು ತೂಕ ಕೂತಂತಾಯಿತು, ಅಷ್ಟೆ. ಹಾಗಾಗಿ ಗುಂಡಿನ ತೂಕಕ್ಕೆ ಹೋಲಿಸಿದರೆ ಮದ್ದಿನ ತೂಕ ಎಷ್ಟು ಎಂಬುದೇ ನಾವು ಮೊದಲು ಕೇಳಬೇಕಾದ ಪ್ರಶ್ನೆ.

ಮೂರು ತೋಟಾಗಳನ್ನು ತೆಗೆದುಕೊಂಡು ನೋಡೋಣ. ಮೂರರಲ್ಲೂ ಅನಿಲ ಸೆಕೆಂಡಿಗೆ 1200 ಮೀಟರ್ ವೇಗದಲ್ಲಿ ಹೊರಬೀಳುತ್ತದೆ ಎಂದು ಅಂದಾಜಿಸಿಕೊಳ್ಳೋಣ. 1873ರ ಹಳೆಯ .45 ಕೋಲ್ಟ್‌ನಲ್ಲಿ ಇಂದಿನ ಸಾಧಾರಣ ಮದ್ದು ತುಂಬಿದರೆ, ಸುಮಾರು 16.5 ಗ್ರಾಂ ತೂಕದ ಗುಂಡು ಸೆಕೆಂಡಿಗೆ 260 ಮೀಟರ್ ವೇಗದಲ್ಲಿ ಹೋಗುತ್ತದೆ, ಮದ್ದು ಅರ್ಧ ಗ್ರಾಂಗಿಂತ ತುಸು ಹೆಚ್ಚು. ಒಟ್ಟು ಸಂವೇಗದಲ್ಲಿ ಅನಿಲದ ಪಾಲು ನೂರಕ್ಕೆ 13ರಷ್ಟು. 1955ರಲ್ಲಿ ಬಂದ .44 ಮ್ಯಾಗ್ನಮ್‌ನಲ್ಲಿ 15.5 ಗ್ರಾಂ ಗುಂಡು, 400 ಮೀಟರ್ ವೇಗ, ಒಂದೂವರೆ ಗ್ರಾಂ ಮದ್ದು. ಅನಿಲದ ಪಾಲು ನೂರಕ್ಕೆ 22ರಷ್ಟಾಗುತ್ತದೆ. ಮೂರನೆಯದು .308 ವಿಂಚೆಸ್ಟರ್. ಇದು ರೈಫಲ್ಲಿನ ತೋಟಾ. ಆದರೆ ಥಾಮ್ಸನ್ ಸೆಂಟರ್ ಎಂಬ ಕಂಪನಿಯ ಎನ್‌ಕೋರ್‌ನಂಥ ಒಂದೇ ಗುಂಡಿನ ಬೇಟೆ ಪಿಸ್ತೂಲುಗಳಲ್ಲಿ ಇದನ್ನು ಸುಮಾರು 38 ಸೆಂಟಿಮೀಟರ್ ಉದ್ದದ ನಳಿಗೆಯಿಂದ ಹಾರಿಸುತ್ತಾರೆ. ಗುಂಡು 9.7 ಗ್ರಾಂ, ವೇಗ 750 ಮೀಟರ್, ಮದ್ದು 2.9 ಗ್ರಾಂ; ಅನಿಲದ ಪಾಲು ನೂರಕ್ಕೆ 32.

ಒದೆತದ ಶಕ್ತಿ ಸಂವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಈ ವ್ಯತ್ಯಾಸ ಕೈಗೆ ಇನ್ನೂ ಹಿರಿದಾಗಿ ತಿಳಿಯುತ್ತದೆ. 1.4 ಕಿಲೋಗ್ರಾಂ ತೂಕದ .44 ಮ್ಯಾಗ್ನಮ್ ರಿವಾಲ್ವರು ಬ್ರೇಕಿಲ್ಲದೆ ಸುಮಾರು 23 ಜೂಲ್ ಶಕ್ತಿಯಿಂದ ಹಿಂದಕ್ಕೆ ಒದೆಯುತ್ತದೆ. ಬ್ರೇಕು ಅನಿಲದ ಅರ್ಧ ಸಂವೇಗವನ್ನು ವಜಾಗೊಳಿಸಿದರೆ ಅದು 18 ಜೂಲ್‌ಗೆ ಇಳಿಯುತ್ತದೆ. ಎರಡು ಕಿಲೋಗ್ರಾಂ ತೂಕದ .308 ಪಿಸ್ತೂಲಿನಲ್ಲಿ 29 ಜೂಲ್ ಇದ್ದದ್ದು ಅದೇ ಸಾಮರ್ಥ್ಯದ ಬ್ರೇಕಿನಿಂದ 20 ಆಗುತ್ತದೆ. ಅನಿಲದ ಪೂರ್ತಿ ಪಾಲನ್ನು ವಜಾ ಮಾಡುವಷ್ಟು ಸಮರ್ಥವಾದ ಬ್ರೇಕಿದ್ದರೆ 13ಕ್ಕೆ, ಅಂದರೆ ಅರ್ಧಕ್ಕಿಂತಲೂ ಕೆಳಕ್ಕೆ ಬರುತ್ತದೆ. ಒದೆತ ಅರ್ಧವಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಕೈಯಲ್ಲಿರುವುದು ಈ ಮೂರನೆಯ ಬಗೆಯ ಪಿಸ್ತೂಲು. ಹಳೆಯ ಕೋಲ್ಟಿಗೆ ಬ್ರೇಕ್ ಹಾಕಿಸಿ ನಿರಾಶರಾದವರ ಮಾತೂ ಅಷ್ಟೇ ನಿಜ.

ರಿವಾಲ್ವರುಗಳಲ್ಲಿ ಹೆಚ್ಚಾಗಿ ಕಾಣುವುದು ಬೇರೊಂದು ರೂಪ. ನಳಿಗೆಯ ಮೇಲ್ಭಾಗದಲ್ಲೇ ಕಿಂಡಿ ಕೊರೆದು ಅನಿಲವನ್ನು ಮೇಲಕ್ಕೆ ಬಿಡುತ್ತಾರೆ. ನಳಿಗೆ ಹಿಡಿಗಿಂತ ಎತ್ತರದಲ್ಲಿರುವುದರಿಂದ ಒದೆತವು ಕೈಯನ್ನು ಹಿಂದಕ್ಕೆ ತಳ್ಳುವುದರ ಜೊತೆಗೆ ನಳಿಗೆಯ ಬಾಯನ್ನು ಆಕಾಶಕ್ಕೆ ಎತ್ತುತ್ತದೆ; ಮೇಲಕ್ಕೆ ಚಿಮ್ಮುವ ಅನಿಲ ಆ ಬಾಯನ್ನು ಕೆಳಕ್ಕೆ ಒತ್ತುತ್ತದೆ. 1920ರ ದಶಕದಲ್ಲಿ ಅಮೆರಿಕದ ಮರೀನ್ ಅಧಿಕಾರಿ ರಿಚರ್ಡ್ ಕಟ್ಸ್ ರೂಪಿಸಿ, ಥಾಮ್ಸನ್ ಸಬ್‌ಮಷಿನ್ ಗನ್ನಿನ ತುದಿಯಲ್ಲಿ ಪ್ರಸಿದ್ಧವಾದ ಸಾಧನದ ಕೆಲಸವೂ ಇದೇ. ಇದರಿಂದ ಹಿಂದಕ್ಕೆ ಬರುವ ತಳ್ಳು ಹೆಚ್ಚೇನೂ ತಗ್ಗದು, ಆದರೆ ಎರಡನೆಯ ಗುಂಡಿಗೆ ಗುರಿ ಬೇಗ ಸಿಗುತ್ತದೆ. ಗುಂಡು ಬಾಯಿ ತಲುಪುವ ಮೊದಲೇ ಇಂಥ ಕಿಂಡಿಗಳನ್ನು ದಾಟುವುದರಿಂದ ಅದರ ವೇಗ ಅಲ್ಪಸ್ವಲ್ಪ ಕುಗ್ಗುವುದು ನಿಜ. ತಿರುಪಿ ಕೂರಿಸುವ ಬ್ರೇಕಿನ ಮೇಲೆ ಬಂದಿರುವ ಅಪವಾದ ಬಹುಶಃ ಇಲ್ಲಿಂದಲೇ ಹರಡಿರಬೇಕು.

ಒದೆತ ತಗ್ಗಿಸುವುದು ಬರಿಯ ಆರಾಮದ ಪ್ರಶ್ನೆಯಲ್ಲ. ಒದೆತಕ್ಕೆ ಹೆದರಿದ ಕೈ ಟ್ರಿಗರ್ ಎಳೆಯುವ ಕ್ಷಣದಲ್ಲಿ ತನಗರಿವಿಲ್ಲದೆಯೇ ನಳಿಗೆಯನ್ನು ಕೆಳಕ್ಕೆ ಅದುಮುತ್ತದೆ. ಹಿಂದಿನ ಮತ್ತು ಮುಂದಿನ ಗುರಿಗೂಟಗಳ ನಡುವೆ 25 ಸೆಂಟಿಮೀಟರ್ ಅಂತರವಿರುವ ರಿವಾಲ್ವರಿನಲ್ಲಿ ಮುಂಗೂಟ ಒಂದೇ ಒಂದು ಮಿಲಿಮೀಟರ್ ಕೆಳಗಿಳಿದರೂ 50 ಮೀಟರ್ ದೂರದಲ್ಲಿ ಗುಂಡು 20 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಜಿಂಕೆಯ ಎದೆಗೆ ಇಟ್ಟ ಗುರಿ ಅದರ ಮುಂಗಾಲನ್ನು ಮುರಿಯಲು, ಪ್ರಾಣಿ ನರಳುತ್ತಾ ಕಾಡಿನಲ್ಲಿ ಕಣ್ಮರೆಯಾಗಲು ಅಷ್ಟು ಸಾಕು. ಈ ಕಾರಣಕ್ಕಾಗಿ ಬ್ರೇಕನ್ನು ಕೈಲಾಗದವರ ಊರುಗೋಲು ಎಂದು ಹೀಗಳೆಯುವುದನ್ನು ನಾನು ಒಪ್ಪುವುದಿಲ್ಲ.

ಆದರೆ ಬೆಲೆ ತೆರಬೇಕಾದದ್ದು ಕಿವಿ. ಮುಂದಕ್ಕೆ ಹೋಗಬೇಕಿದ್ದ ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸಿದಾಗ, ಅದರ ಜೊತೆಗೆ ಸ್ಫೋಟದ ಒತ್ತಡದ ಅಲೆಯೂ ಹಾರಿಸುವವರ ಕಡೆಗೇ ತಿರುಗುತ್ತದೆ. ಗುಂಡಿನಂಥ ಕ್ಷಣಿಕ ಸದ್ದುಗಳಿಗೆ 140 ಡೆಸಿಬೆಲ್ ಅನ್ನು ಅಪಾಯದ ಗೆರೆ ಎಂದು ಪರಿಗಣಿಸುತ್ತಾರೆ. ಮ್ಯಾಗ್ನಮ್ ರಿವಾಲ್ವರು ಬ್ರೇಕಿಲ್ಲದೆಯೇ 160 ಡೆಸಿಬೆಲ್ ದಾಟುತ್ತದೆ. 140ಕ್ಕೂ 160ಕ್ಕೂ ಏನು ಮಹಾ ವ್ಯತ್ಯಾಸ ಎಂದು ಕೇಳುವವರು ಡೆಸಿಬೆಲ್ ಅನ್ನು ಅಡಿ-ಅಂಗುಲದಂತೆ ಎಣಿಸುತ್ತಿದ್ದಾರೆ. ಪ್ರತಿ 20 ಡೆಸಿಬೆಲ್‌ಗೆ ಒತ್ತಡ ಹತ್ತು ಪಟ್ಟಾಗುತ್ತದೆ, ಪ್ರತಿ 6 ಡೆಸಿಬೆಲ್‌ಗೆ ಇಮ್ಮಡಿಯಾಗುತ್ತದೆ. ಬ್ರೇಕು ಇದರ ಮೇಲೆ ಇನ್ನೂ 5ರಿಂದ 10 ಡೆಸಿಬೆಲ್ ಸೇರಿಸಬಲ್ಲದು. ಅಂದರೆ ಅಪಾಯದ ಗೆರೆಯನ್ನು ಆಗಲೇ ಹತ್ತು ಪಟ್ಟು ಮೀರಿದ್ದ ಒತ್ತಡ ಮತ್ತೊಮ್ಮೆ ಇಮ್ಮಡಿಯೋ ಮುಮ್ಮಡಿಯೋ ಆಗುತ್ತದೆ.

ವರ್ಷಕ್ಕೊಂದು ಗುಂಡಿನಿಂದ ಏನೂ ಆಗದು, ಕಿವಿ ಒಗ್ಗಿಕೊಳ್ಳುತ್ತದೆ ಎಂಬ ನಂಬಿಕೆಯಷ್ಟು ನನ್ನನ್ನು ಕಾಡುವ ತಪ್ಪು ತಿಳಿವಳಿಕೆ ಈ ವಿಷಯದಲ್ಲಿ ಬೇರೊಂದಿಲ್ಲ. ದೊಡ್ಡ ಸದ್ದು ಕೇಳಿದಾಗ ಕಿವಿಯೊಳಗಿನ ಪುಟ್ಟ ಸ್ನಾಯುವೊಂದು ರಿಕಾಪು ಮೂಳೆಯನ್ನು ಬಿಗಿಹಿಡಿದು ಒಳಕಿವಿಯನ್ನು ಕಾಪಾಡಲು ಯತ್ನಿಸುವುದು ನಿಜ. ಆದರೆ ಆ ಸ್ನಾಯು ಎಚ್ಚೆತ್ತು ಬಿಗಿಯಲು ಹತ್ತಾರು ಮಿಲಿಸೆಕೆಂಡು ಬೇಕು. ಗುಂಡಿನ ಒತ್ತಡದ ಅಲೆ ಅಷ್ಟರೊಳಗೆ ಬಂದು ಕೆಲಸ ಮುಗಿಸಿ ಹೋಗಿರುತ್ತದೆ. ಒಳಕಿವಿಯ ಸುರುಳಿಯಲ್ಲಿರುವ ಸುಮಾರು 15,000 ರೋಮಕೋಶಗಳಲ್ಲಿ ಸತ್ತವು ಮತ್ತೆ ಹುಟ್ಟುವುದಿಲ್ಲ. ಕೋಳಿಯ ಕಿವಿಯಲ್ಲಿ ಅವು ಮತ್ತೆ ಬೆಳೆಯುತ್ತವೆ ಎಂದು 1980ರ ದಶಕದಲ್ಲಿ ಕಂಡುಕೊಂಡರು, ಆದರೆ ನಮ್ಮಂಥ ಸಸ್ತನಿಗಳಿಗೆ ಆ ಭಾಗ್ಯ ಇಲ್ಲ. ಉಳುಕಿದ ಮಣಿಕಟ್ಟು ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಕಿವಿಯೊಳಗೆ ಶುರುವಾದ ಗುಂಯ್‌ಗುಡುವಿಕೆ ಬಾಳಿನುದ್ದಕ್ಕೂ ಉಳಿಯಬಹುದು.

ಇದಕ್ಕೆ ಪ್ರತಿಯಾಗಿ, ಬೇಟೆಯಲ್ಲಿ ಕಿವಿ ಮುಚ್ಚಿಕೊಂಡರೆ ಎಲೆಯ ಸರಸರ ಕೇಳುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆಯೇ. ಸಣ್ಣ ಸದ್ದನ್ನು ಹಿಗ್ಗಿಸಿ, ದೊಡ್ಡ ಸದ್ದು ಬಂದೊಡನೆ ಹಿಗ್ಗಿಸುವುದನ್ನು ನಿಲ್ಲಿಸಿ ಬರಿಯ ಮುಚ್ಚಳವಾಗಿ ಉಳಿಯುವ ಎಲೆಕ್ಟ್ರಾನಿಕ್ ಕಿವಿಗವಚಗಳು ಅದಕ್ಕೆ ಉತ್ತರ. ಆದರೆ ಕವಚ ತೊಟ್ಟವರು ತಮ್ಮ ಕಿವಿಯನ್ನಷ್ಟೇ ಉಳಿಸಿಕೊಂಡಂತಾಯಿತು. ಬ್ರೇಕಿನ ಕಿಂಡಿಗಳು ನೇರವಾಗಿ ಉಗುಳುವುದು ಪಕ್ಕದಲ್ಲಿ ನಿಂತ ಜೊತೆಗಾರನ ಕಡೆಗೆ. ಮರದ ಹಲಗೆಯ ಮರೆಗೂಡಿನೊಳಗೆ ಕುಳಿತು ಹಾರಿಸಿದರೆ ಗೋಡೆಗಳಿಂದ ಪುಟಿದ ಅಲೆಗಳೂ ಸೇರಿಕೊಳ್ಳುತ್ತವೆ. ಮೇಲ್ಗಿಂಡಿಯ ನಳಿಗೆಗಳು ಮುಸ್ಸಂಜೆಯ ಮಬ್ಬಿನಲ್ಲಿ ಕಣ್ಣು ಕೋರೈಸುವ ಬೆಂಕಿಯನ್ನು, ಗುರಿ ನೋಡಲು ಬಂದೂಕಿನ ಮೇಲೆ ಕೂರಿಸಿದ ದೂರದರ್ಶಕದ ಮುಂದೆಯೇ ಚಿಮ್ಮಿಸುತ್ತವೆ, ಗಾಜಿನ ಮೇಲೆ ಮಸಿ ಕೂರಿಸುತ್ತವೆ. ಇನ್ನು ಆಸರೆಗೆಂದು ಎಡಗೈಯನ್ನು ನಳಿಗೆಯ ತುದಿಯ ಬಳಿ ಇಡುವ ಅಭ್ಯಾಸವಿದ್ದವರು ಅದನ್ನು ಬಿಡಲೇಬೇಕು. ಕಿಂಡಿಯಿಂದ ಹೊರಬೀಳುವುದು ಬಿಸಿಗಾಳಿ ಮಾತ್ರವಲ್ಲ, ಸೀಸದ ಚೂರುಗಳೂ ಇರಬಹುದು.

ಆದ್ದರಿಂದ ರೈಫಲ್ ತೋಟಾದ ಒಂಟಿಗುಂಡಿನ ಪಿಸ್ತೂಲಿಗೆ, ಹಾರಿಸುವವರೂ ಜೊತೆಗಿರುವವರೂ ತಪ್ಪದೆ ಕಿವಿಗವಚ ತೊಡುವುದಾದರೆ, ಬ್ರೇಕ್ ಇರಲಿ ಎನ್ನುತ್ತೇನೆ. ಭಾರದ ಗುಂಡನ್ನು ನಿಧಾನವಾಗಿ ಎಸೆಯುವ ರಿವಾಲ್ವರಿಗೆ ಅದು ಬೇಡ. ಅಲ್ಲಿ ಹಿಡಿಗೆ ಮೆತ್ತನೆಯ ರಬ್ಬರು, ಬಂದೂಕಿಗೆ ಇನ್ನೂರು ಮುನ್ನೂರು ಗ್ರಾಂ ಹೆಚ್ಚಿನ ತೂಕ ಮಾಡುವ ಉಪಕಾರವನ್ನು ಬ್ರೇಕ್ ಮಾಡಲಾರದು. ನಡುವೆ ನಿಲ್ಲುವ .44 ಮ್ಯಾಗ್ನಮ್‌ನಂಥವಕ್ಕೆ ಮೊದಲು ಮದ್ದು ಕಡಿಮೆಯಿರುವ ತೋಟಾ ಹಾರಿಸಿ ನೋಡುವುದು ಮೇಲು. ಕಾನೂನು ಒಪ್ಪುವ ಕಡೆ ಒಂಟಿಗುಂಡಿನ ಪಿಸ್ತೂಲಿಗೆ ಸದ್ದಡಗಿಸುವ ಸೈಲೆನ್ಸರ್ ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅದು ಅನಿಲವನ್ನು ಒಳಗೇ ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದ ಒದೆತವನ್ನೂ ಸದ್ದನ್ನೂ ಒಟ್ಟಿಗೆ ಇಳಿಸುತ್ತದೆ. ರಿವಾಲ್ವರಿನಲ್ಲಿ ಅದು ನಡೆಯದು. ತಿರುಗುವ ಉರುಳೆಗೂ ನಳಿಗೆಗೂ ನಡುವಿನ ಕೂದಲೆಳೆಯಷ್ಟು ಸಂದಿನಿಂದಲೇ ಸದ್ದು ಸೋರಿಹೋಗುತ್ತದೆ.

ಅಭ್ಯಾಸದ ಮೈದಾನದಲ್ಲಿ ನೂರಾರು ಗುಂಡು ಹಾರಿಸುವಾಗ ಬ್ರೇಕ್ ಇಟ್ಟುಕೊಂಡು, ಕಾಡಿನಲ್ಲಿ ಒಂದೇ ಗುಂಡಿನ ಸಮಯಕ್ಕೆ ಅದನ್ನು ಬಿಚ್ಚಿಡುವವರೂ ಇದ್ದಾರೆ. ಅದು ಒಳ್ಳೆಯ ನಡುದಾರಿ, ಆದರೆ ತುದಿಯ ತೂಕ ಬದಲಾದಾಗ ನಳಿಗೆಯ ಕಂಪನವೂ ಗುಂಡು ಹೊರಡುವ ಕ್ಷಣದಲ್ಲಿ ಬಂದೂಕು ಎದ್ದಿರುವ ಮಟ್ಟವೂ ಬದಲಾಗಿ, ಗುಂಡು ಮೊದಲಿನ ಜಾಗಕ್ಕೆ ಬೀಳುವುದಿಲ್ಲ. ಬ್ರೇಕ್ ಬಿಚ್ಚಿದ ಮೇಲೆ, ಕಾಡಿಗೆ ಹೊರಡುವ ಮೊದಲು, ಕಾಗದದ ಗುರಿಯ ಮೇಲೆ ಕೆಲವು ಗುಂಡು ಹಾರಿಸಿ ದೂರದರ್ಶಕವನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ಆ ಕೆಲವು ಗುಂಡುಗಳಿಗೂ ಕಿವಿಗವಚ ಬೇಕು.